ಚಳಿಗೆ ದಾಳಿಂಬೆ: ಒಗರಿಲ್ಲದ ರಸ, ಸೀಯದ ಪಾಕ

'ಕೂತ್ಕೊಳ್ಳಿ, ದಾಳಿಂಬೆ ಜ್ಯೂಸ್ ಮಾಡ್ಕೊಂಡು ಬರ್ತೀನಿ' ಎಂದು ಯಾರಾದರೂ ಒಳಗೆ ಹೋದರೆ ನನ್ನ ಕಿವಿ ಮಿಕ್ಸಿಯ ಕಡೆಗೇ ಇರುತ್ತದೆ. ಗುರ್ರ್ ಎಂದು ಎರಡು ಸಲ ಸದ್ದಾಗಿ ನಿಂತರೆ ಸಮಾಧಾನ. ನಿಲ್ಲದೆ ಅರ್ಧ ನಿಮಿಷ ಓಡಿತೋ, ಲೋಟ ಕೈಗೆ ಬರುವ ಮೊದಲೇ ಒಳಗಿರುವುದೇನೆಂದು ಗೊತ್ತಾಗುತ್ತದೆ: ನಾಲಿಗೆ ದಪ್ಪಗಾಗುವಂಥ ಒಗರು, ಅದನ್ನು ಮುಚ್ಚಿಹಾಕಲು ಮೂರು ಚಮಚ ಸಕ್ಕರೆ, ತಳದಲ್ಲಿ ಮರದ ಹೊಟ್ಟಿನಂಥ ಗಸಿ. ಕುಡಿದು 'ಚೆನ್ನಾಗಿದೆ' ಎನ್ನುವುದೂ ನನ್ನದೇ ಕರ್ಮ.

ಒಗರಿಗೆ ಸಕ್ಕರೆ ಮದ್ದಲ್ಲ. ಸಕ್ಕರೆ ಹಾಕಿದರೆ ಹುಳಿ ತಗ್ಗಬಹುದು. ಒಗರು ಹುಳಿ, ಸಿಹಿಗಳಂಥ ರುಚಿಯಲ್ಲ. ಟ್ಯಾನಿನ್ ಎಂಬ ಅಂಶ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರು ಹೋಗಲಾಡಿಸುವುದರಿಂದ ಆಗುವ ಅನುಭವ. ದಾಳಿಂಬೆಯಲ್ಲಿ ಈ ಟ್ಯಾನಿನ್ ದಂಡಿಯಾಗಿರುವುದು ಸಿಪ್ಪೆಯಲ್ಲಿ ಮತ್ತು ಕಾಳುಗಳ ನಡುವಿನ ಬಿಳಿ ಪೊರೆಯಲ್ಲಿ. ಅವೆರಡನ್ನು ರಸದ ಹತ್ತಿರ ಸುಳಿಯಗೊಡದಿದ್ದರೆ, ಒಳಗಿನ ಬೀಜ ಪುಡಿಯಾಗದಂತೆ ನೋಡಿಕೊಂಡರೆ, ಆಮೇಲಿನದೆಲ್ಲ ಸಲೀಸು.

ಹಂತ 1: ಹಣ್ಣು ಆರಿಸುವುದು

ಬಣ್ಣಕ್ಕೆ ಮರುಳಾಗಬೇಡಿ. ಸಿಪ್ಪೆ ಹಳದಿ ಮಿಶ್ರಿತ ಕೆಂಪಾಗಿದ್ದು ಒಳಗೆ ಕಡುಕೆಂಪಿರುವ ತಳಿಗಳೂ ಇವೆ. ಗಾತ್ರಕ್ಕೆ ಮೀರಿದ ಭಾರವಿರಬೇಕು. ಚೆಂಡಿನ ಹಾಗೆ ದುಂಡಗಿರುವುದಕ್ಕಿಂತ, ಬದಿಗಳು ಅಲ್ಲಲ್ಲಿ ಚಪ್ಪಟೆಯಾಗಿ ಮೂಲೆ ಬಿದ್ದಿರುವುದನ್ನು ತೆಗೆದುಕೊಳ್ಳಿ. ಒಳಗಿನ ಕಾಳು ತುಂಬಿ ಸಿಪ್ಪೆಯನ್ನು ಒತ್ತಿರುವ ಗುರುತು ಅದು. ಕಿರೀಟದೊಳಗೆ ಬೂಷ್ಟು ಕಂಡರೆ ಮುಟ್ಟಬೇಡಿ. 'ಮನೆಯಲ್ಲಿ ನಾಲ್ಕು ದಿನ ಇಟ್ಟರೆ ಹಣ್ಣಾಗುತ್ತೆ' ಎಂಬ ಲೆಕ್ಕವೂ ಬೇಡ. ಬಾಳೆ, ಮಾವಿನಂತೆ ಇದು ಕಿತ್ತ ಮೇಲೆ ಮಾಗುವ ಜಾತಿಯಲ್ಲ.

ಎಷ್ಟು ಬೇಕು? 1 ಕೆ.ಜಿ. ಹಣ್ಣಿಗೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಕಾಳು, ಅದರಿಂದ 350 ಮಿ.ಲೀ. ಆಸುಪಾಸು ರಸ. ಕೆಳಗೆ ಹೇಳುವ ಪಾಕಕ್ಕೆ ಸುಮಾರು 3 ಕೆ.ಜಿ. ಹಣ್ಣು ಬೇಕಾಗುತ್ತದೆ. ಈಗಲೇ ಹೇಳಿಬಿಟ್ಟೆ, ಆಮೇಲೆ ಬೈಯಬೇಡಿ.

ಹಂತ 2: ಬಿಡಿಸುವುದು

ನಡುವೆ ಕತ್ತರಿಸಿ ಎರಡು ಹೋಳು ಮಾಡಿ ಸೌಟಿನಿಂದ ಬೆನ್ನಿಗೆ ಬಡಿಯುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಕಾಳು ಮಳೆಯಂತೆ ಉದುರುತ್ತದೆ, ನಿಜ. ಕತ್ತಿ ಹಾದ ಜಾಗದ ಕಾಳೆಲ್ಲ ಒಡೆದಿರುತ್ತವೆ, ಏಟಿಗೆ ಪೊರೆಯೂ ಚೂರುಚೂರಾಗಿ ಅವುಗಳ ಜೊತೆಯೇ ಬೀಳುತ್ತದೆ, ಗೋಡೆಯ ಮೇಲೆ ಚುಕ್ಕೆಗಳ ರಂಗೋಲಿ. ಇವನ್ನು ಆ ವಿಡಿಯೊ ತೋರಿಸುವುದಿಲ್ಲ.

ಹಣ್ಣೇ ತನ್ನನ್ನು ಎಲ್ಲಿ ಬಿಡಿಸಬೇಕೆಂದು ಹೇಳುತ್ತದೆ. ಚಾಕುವಿನ ತುದಿಯನ್ನು ಕಿರೀಟದಿಂದ ಒಂದು ಬೆರಳು ಆಚೆ ಓರೆಯಾಗಿ ಇಳಿಸಿ ಸುತ್ತಲೂ ಕೊಯ್ದು, ಮುಚ್ಚಳ ತೆಗೆದಂತೆ ಕಿರೀಟವನ್ನು ಎತ್ತಿ. ಒಳಗೆ ನೋಡಿ: ನಡುವಿನಿಂದ ಅಂಚಿಗೆ ಚಕ್ರದ ಅರೆಕಾಲಿನ ಹಾಗೆ ಬಿಳಿ ಗೆರೆಗಳು ಹೊರಟಿರುತ್ತವೆ. ಸಾಮಾನ್ಯವಾಗಿ ಐದೋ ಆರೋ, ಕೆಲವು ಹಣ್ಣಲ್ಲಿ ಏಳು. ಅವೇ ಕೋಣೆಗಳ ನಡುವಿನ ಗೋಡೆಗಳು. ಪ್ರತಿ ಗೆರೆ ಮುಗಿಯುವಲ್ಲಿಂದ ತೊಟ್ಟಿನವರೆಗೆ ಸಿಪ್ಪೆಯ ಮೇಲೆ ಸೀಳು ಹಾಕಿ. ಆಳ ಸಿಪ್ಪೆಯಷ್ಟೇ, ಎರಡು ಮೂರು ಮಿ.ಮೀ. ಚಾಕುವಿಗೆ ಕೆಂಪು ಹತ್ತಿತೆಂದರೆ ಆಳ ಹೆಚ್ಚಾಯಿತು. ಈಗ ಎರಡೂ ಹೆಬ್ಬೆರಳನ್ನು ನಡುವೆ ಇಟ್ಟು ಮೆಲ್ಲನೆ ಅಗಲಿಸಿದರೆ ಕಿತ್ತಳೆಯ ತೊಳೆಗಳಂತೆ ಬಿಚ್ಚಿಕೊಳ್ಳುತ್ತದೆ. ಒಂದು ಕಾಳೂ ಒಡೆದಿರುವುದಿಲ್ಲ.

ಹೋಳುಗಳನ್ನು ಅಗಲ ಪಾತ್ರೆಯ ತಣ್ಣೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಹೆಬ್ಬೆರಳಿನಿಂದ ಕಾಳನ್ನು ಒರೆಸಿದಂತೆ ಉದುರಿಸಿ. ಚಿವುಟಬೇಡಿ. ಕಾಳು ಮುಳುಗುತ್ತದೆ, ಪೊರೆ ತೇಲುತ್ತದೆ. ತೇಲಿದ್ದನ್ನು ಬಗ್ಗಿಸಿ ಚೆಲ್ಲಿ, ಮತ್ತೊಮ್ಮೆ ನೀರು ಹಾಕಿ ಅಲುಗಾಡಿಸಿದರೆ ಉಳಿದ ಚೂರುಪಾರೂ ಮೇಲೆ ಬರುತ್ತದೆ. ಜರಡಿಗೆ ಸುರಿದು ಹತ್ತು ನಿಮಿಷ ಬಿಡಿ. ಕಂದು ಬಣ್ಣಕ್ಕೆ ತಿರುಗಿದ, ಒತ್ತಿದರೆ ಮೆತ್ತಗಿರುವ ಕಾಳನ್ನು ಆರಿಸಿ ಎಸೆಯಿರಿ. ನಾಲ್ಕೇ ನಾಲ್ಕು ಇದ್ದರೂ ಇಡೀ ರಸಕ್ಕೆ ಹಳಸಲು ವಾಸನೆ ಬರುತ್ತದೆ.

ಬಿಳಿ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ. ಕಲೆ ಬಿದ್ದರೆ ಮೊದಲು ತಣ್ಣೀರು, ಆಮೇಲೆ ನಿಂಬೆರಸ. ಗಾಬರಿಯಲ್ಲಿ ಸೋಪು ಉಜ್ಜಿದಿರೋ, ಕ್ಷಾರ ತಗುಲಿ ಕೆಂಪು ನೀಲಿಗೆ ತಿರುಗಿ ಕಲೆ ಇನ್ನೂ ಎದ್ದು ಕಾಣುತ್ತದೆ.

ಹಂತ 3: ರಸ ತೆಗೆಯುವುದು

ನಾನು ಮಿಕ್ಸಿಯನ್ನೇ ಬಳಸುವುದಿಲ್ಲ. ಗಟ್ಟಿಯಾದ ಜಿಪ್ ಚೀಲಕ್ಕೆ ಎರಡು ಹಿಡಿ ಕಾಳು ಹಾಕಿ, ಗಾಳಿ ತೆಗೆದು ಮುಚ್ಚಿ, ಮೇಲೆ ಲಟ್ಟಣಿಗೆ ಉರುಳಿಸುತ್ತೇನೆ. ಪಟಪಟ ಎಂದು ಕಾಳು ಒಡೆಯುವ ಸದ್ದು ಕೇಳುತ್ತದೆ. ಸದ್ದು ನಿಂತರೆ ಕೆಲಸ ಮುಗಿಯಿತು. ಚೀಲದ ಮೂಲೆ ಕತ್ತರಿಸಿ ಜರಡಿಗೆ ಬಸಿದರಾಯಿತು.

ಮಿಕ್ಸಿಯೇ ಬೇಕೆನ್ನುವವರು ಜಾರಿನ ಅರ್ಧದಷ್ಟು ಮಾತ್ರ ಕಾಳು ಹಾಕಿ, ಗುಂಡಿಯನ್ನು ಒಂದು ಸೆಕೆಂಡ್ ತಿರುಗಿಸಿ ಬಿಡಿ, ಮತ್ತೊಂದು ಸಲ ಅಷ್ಟೇ. ಮೂರನೆಯದು ಬೇಕಾದರೆ ಮುಚ್ಚಳ ತೆಗೆದು ನೋಡಿ. ನೊರೆ ಗುಲಾಬಿ ಬಣ್ಣಕ್ಕಿದ್ದು ಬೀಜಗಳು ಇಡಿಯಾಗಿ ಕಾಣುತ್ತಿದ್ದರೆ ಸರಿ. ನೊರೆಯಲ್ಲಿ ಬಿಳಿ ಪುಡಿ ಕಂಡಿತೋ, ಬೀಜ ಒಡೆದಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ.

ಸೋಸುವಾಗ ಇನ್ನೊಂದು ಎಡವಟ್ಟು. ಜರಡಿಯಲ್ಲಿ ಉಳಿದದ್ದನ್ನು ಚಮಚದ ಬೆನ್ನಿನಿಂದ ಅರೆದು ಅರೆದು ಕೊನೆಯ ಹನಿ ತೆಗೆಯುವ ಆಸೆ. ಆ ಕೊನೆಯ ಹನಿಗಳಲ್ಲೇ ಕಹಿ ಇರುವುದು. ಒಂದೆರಡು ಸಲ ಮೆಲ್ಲನೆ ಒತ್ತಿ ಬಿಟ್ಟುಬಿಡಿ. ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ನಿಂಬೆ ಹಿಂಡಿದಂತೆ ಒತ್ತುಯಂತ್ರದಲ್ಲಿ ಹಿಂಡುವುದಂತೂ ಸಿಪ್ಪೆಯ ಕಷಾಯವನ್ನು ಪುಕ್ಕಟೆ ಬೆರೆಸಿದಂತೆ.

ಸೀಸೆಯಲ್ಲಿ ಸಿಗುವ ಸಿದ್ಧ ರಸ? ಪಾಕಕ್ಕೆ ನಡೆದೀತು, ಪದಾರ್ಥಗಳ ಪಟ್ಟಿಯಲ್ಲಿ ದಾಳಿಂಬೆ ರಸ ಬಿಟ್ಟು ಇನ್ನೇನೂ ಇಲ್ಲದಿದ್ದರೆ. ಒಮ್ಮೆ ದೊಡ್ಡ ಸೀಸೆಯೊಂದನ್ನು ತಂದು, ಮುಂದೆ ದಾಳಿಂಬೆ ಚಿತ್ರ ನೋಡಿ ಖುಷಿಯಾಗಿ, ಹಿಂದೆ ತಿರುಗಿಸಿದರೆ ಮೊದಲ ಹೆಸರು ಸೇಬು, ಎರಡನೆಯದು ದ್ರಾಕ್ಷಿ. ದಾಳಿಂಬೆ ಬಡವರ ಮದುವೆಯ ತುಪ್ಪದಂತೆ ಕೊನೆಗೆ ಒಂದಿಷ್ಟು.

ಹಂತ 4: ಪಾಕ ಕಾಯಿಸುವುದು

ಚಳಿಗಾಲದ ಅಡುಗೆಗೆ ದಾಳಿಂಬೆಯಿಂದ ಸಿಗುವ ದೊಡ್ಡ ಲಾಭ ಈ ಪಾಕ. ಹುಳಿ, ಸಿಹಿ ಎರಡೂ ಇರುವ, ಕಾಕಂಬಿಯಂತೆ ಕಪ್ಪಗೆ ಹೊಳೆಯುವ ದ್ರವ. ಬೇಕಾದದ್ದು: 1 ಲೀಟರ್ ರಸ, 100 ಗ್ರಾಂ ಸಕ್ಕರೆ, 60 ಮಿ.ಲೀ. ನಿಂಬೆರಸ. ಹಣ್ಣು ಹುಳಿ ತಳಿಯದಾದರೆ ನಿಂಬೆರಸ ಇದರ ಅರ್ಧದಷ್ಟು ಸಾಕು.

ಪಾತ್ರೆ ಸ್ಟೀಲಿನದೇ ಆಗಿರಲಿ, ಅಗಲ ಬಾಯಿ, ದಪ್ಪ ತಳ. ನನ್ನ ಮೊದಲ ಪಾಕವನ್ನು ಕಬ್ಬಿಣದ ಬಾಣಲೆಯಲ್ಲಿ ಇಟ್ಟಿದ್ದೆ. ಹದಿನೈದು ನಿಮಿಷದಲ್ಲಿ ಕೆಂಪು ಹೋಗಿ ಬೂದುಗಪ್ಪು, ನಾಲಿಗೆಗೆ ಮೊಳೆ ನೆಕ್ಕಿದ ರುಚಿ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಆಗುವುದೇ ಮಸಿ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಮದಲ್ಲಿ. ಅಲ್ಯೂಮಿನಿಯಂ ಕೂಡ ಬೇಡ, ಹುಳಿಗೆ ಅದು ಕರಗುತ್ತದೆ.

ರಸ ಸುರಿದ ಕೂಡಲೇ ಒಂದು ಮರದ ಕಡ್ಡಿಯನ್ನು ನೆಟ್ಟಗೆ ಅದ್ದಿ, ಒದ್ದೆಯಾದ ಎತ್ತರವನ್ನು ನಾಲ್ಕು ಭಾಗ ಮಾಡಿ, ಕೆಳಗಿನ ಒಂದು ಭಾಗಕ್ಕೆ ಗುರುತು ಹಾಕಿಕೊಳ್ಳಿ. ರಸ ಅಲ್ಲಿಗೆ ಇಳಿಯಬೇಕು, ಅಂದರೆ ಸುಮಾರು 250 ಮಿ.ಲೀ. ಗಡಿಯಾರಕ್ಕಿಂತ ಈ ಕಡ್ಡಿ ನಂಬಿಕಸ್ಥ. ಒಲೆಯ ಉರಿ, ಪಾತ್ರೆಯ ಅಗಲ ಮನೆಮನೆಗೂ ಬೇರೆ, ಒಂದು ಗಂಟೆಯೂ ಆಗಬಹುದು, ಒಂದೂವರೆಯೂ ಆಗಬಹುದು.

ಸಕ್ಕರೆ, ನಿಂಬೆರಸ ಎರಡನ್ನೂ ಸೇರಿಸಿ, ಸಕ್ಕರೆ ಕರಗುವವರೆಗೆ ಮಧ್ಯಮ ಉರಿ, ಆಮೇಲೆ ಸಣ್ಣಗೆ. ಅಲ್ಲಲ್ಲಿ ಗುಳ್ಳೆ ಏಳುತ್ತಿದ್ದರೆ ಸಾಕು. ಮೊದಲ ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ, ಆಗೀಗ ಕೈಯಾಡಿಸಿಕೊಂಡು ನಿಮ್ಮ ಪಾಡಿಗೆ ಬೇರೆ ಕೆಲಸ ಮಾಡಿ. ಕಡ್ಡಿಯ ಗುರುತಿಗೆ ಇನ್ನು ಒಂದು ಬೆರಳು ಉಳಿದಾಗ ಫೋನ್ ಬಂದರೂ ತೆಗೆಯಬೇಡಿ. ಅಲ್ಲಿಯವರೆಗೆ ಸಣ್ಣ ಬಿಳಿ ನೊರೆಯಾಗಿದ್ದ ಗುಳ್ಳೆಗಳು ದೊಡ್ಡದಾಗಿ, ಹೊಳಪೇರಿ, ಒಂದರ ಮೇಲೊಂದು ನಿಧಾನಕ್ಕೆ ಒಡೆಯತೊಡಗುತ್ತವೆ. ಸೌಟು ಎತ್ತಿದರೆ ಹನಿಗಳು ಬಿಡಿಬಿಡಿಯಾಗಿ ಬೀಳದೆ ಅಂಚಿನಲ್ಲಿ ಎರಡು ಕೂಡಿ ಒಂದಾಗಿ ಜಾರುತ್ತವೆ.

ಸಿಹಿತಿಂಡಿ ಮಾಡಿ ಪಳಗಿದ ಕೈಗಳೇ ಇಲ್ಲಿ ಎಡವುತ್ತವೆ. ಎಳೆ ಬರಲಿ ಎಂದು ಕಾಯುತ್ತಾರೆ. ಬಿಸಿಯಲ್ಲಿ ಎಳೆ ಬಂದರೆ ಆರಿದ ಮೇಲೆ ಅದು ಅಂಟು. ಸೀಸೆಯಿಂದ ಕೀಳಲು ಉಳಿ ಬೇಕು. ಫ್ರಿಜ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಒಂದೆರಡು ಸೆಕೆಂಡ್ ನಿಂತು ಆಮೇಲೆ ಕೂಡಿಕೊಂಡರೆ ಅದೇ ಹದ. ಪಾತ್ರೆಯಲ್ಲಿ ನೋಡಿದರೆ 'ಇನ್ನೂ ನೀರು ನೀರಾಗಿದೆಯಲ್ಲ' ಎನಿಸಬೇಕು, ಆಗಲೇ ಇಳಿಸಬೇಕು. ಹೆಚ್ಚು ಗಟ್ಟಿಯಾದರೆ ಬಿಸಿನೀರು ಚಮಚ ಚಮಚವಾಗಿ ಸೇರಿಸಿ ಸರಿಮಾಡಬಹುದು. ಸೀದ ವಾಸನೆ ಬಂದಿದ್ದರೆ ದೇವರೂ ಕಾಪಾಡಲಾರ, ಚೆಲ್ಲಿ.

ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಸೀಸೆಗೆ ತುಂಬಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಚಳಿಗಾಲ ಪೂರ್ತಿ ಬರುತ್ತದೆ.

ಹಂತ 5: ಪಾನೀಯಗಳು

ಪಾನೀಯಕ್ಕೆ ಮೇಲಿನ ಪಾಕಕ್ಕಿಂತ ಕುದಿಸದ ಸಿರಪ್ ಚೆಂದ. ರಸ, ಸಕ್ಕರೆ ಸಮಸಮ: 250 ಮಿ.ಲೀ.ಗೆ 250 ಗ್ರಾಂ. ಸಕ್ಕರೆ ಕರಗುವಷ್ಟು ಬೆಚ್ಚಗೆ ಮಾಡಿದರೆ ಸಾಕು, ಕುದಿಸಿದರೆ ಹಣ್ಣಿನ ಘಮ ಹೋಗಿ ಜಾಮ್ ವಾಸನೆ ಬರುತ್ತದೆ. ಪಾನೀಯಗಳಿಗೆ ಬೆರೆಸುವ ಗ್ರೆನಡಿನ್ ಎಂಬ ಕೆಂಪು ಸಿರಪ್ ಮೂಲದಲ್ಲಿ ಇದೇ. ಫ್ರೆಂಚ್‌ನಲ್ಲಿ ದಾಳಿಂಬೆಗೆ 'ಗ್ರೆನಾಡ್' ಎನ್ನುತ್ತಾರೆ. ಈಗ ಆ ಹೆಸರಿನಲ್ಲಿ ಸಿಗುವ ಎಷ್ಟೋ ಸೀಸೆಗಳಲ್ಲಿ ಬಣ್ಣ ಹಾಕಿದ ಸಕ್ಕರೆ ನೀರು ಬಿಟ್ಟರೆ ದಾಳಿಂಬೆಯ ಸುಳಿವೂ ಇಲ್ಲ. ಮನೆಯ ಸಿರಪ್ ಮೂರು ವಾರ ಫ್ರಿಜ್‌ನಲ್ಲಿ ಇರುತ್ತದೆ.

ಸೋಡಾಕ್ಕೆ: ಲೋಟದಲ್ಲಿ 15 ಮಿ.ಲೀ. ನಿಂಬೆರಸ, 150 ಮಿ.ಲೀ. ಸೋಡಾ, ಚಿಟಿಕೆ ಉಪ್ಪು. ಕೊನೆಯಲ್ಲಿ 30 ಮಿ.ಲೀ. ಸಿರಪ್ಪನ್ನು ಅಂಚಿನಿಂದ ಇಳಿಬಿಡಿ. ಸಾಂದ್ರತೆ ಹೆಚ್ಚಿರುವುದರಿಂದ ತಳಕ್ಕಿಳಿದು, ಕೆಳಗೆ ಕೆಂಪು ಮೇಲೆ ಬಿಳುಪಾಗಿ ನಿಲ್ಲುತ್ತದೆ. ಮದ್ಯ ಬೆರೆಸುವವರು ಸೇಬಿನ ಬ್ರ್ಯಾಂಡಿ, ನಿಂಬೆರಸ, ಈ ಸಿರಪ್ ಮೂರನ್ನು ಐಸ್ ಜೊತೆ ಕುಲುಕಿದರೆ 'ಜ್ಯಾಕ್ ರೋಸ್' ಆಗುತ್ತದೆ. ಅಂಗಡಿಯ ಗ್ರೆನಡಿನ್ ಹಾಕಿದರೆ ಕೆಮ್ಮಿನ ಔಷಧಿ ಆಗುತ್ತದೆ.

ಬಿಸಿ ಬೇಕೆಂದರೆ ಒಂದು ಲೋಟ ನೀರಿಗೆ ಒಂದು ಚೂರು ಚಕ್ಕೆ, ನಾಲ್ಕು ಲವಂಗ, ಜಜ್ಜಿದ ಶುಂಠಿ, ಬಿಳಿ ಭಾಗ ಬರದಂತೆ ಹೆರೆದ ಕಿತ್ತಳೆ ಸಿಪ್ಪೆ ಹಾಕಿ ಹತ್ತು ನಿಮಿಷ ಕುದಿಸಿ. ಉರಿ ತಗ್ಗಿಸಿ ಎರಡು ಲೋಟ ದಾಳಿಂಬೆ ರಸ ಸೇರಿಸಿ. ಹಬೆಯಾಡಿದ ತಕ್ಷಣ ಇಳಿಸಿ, ಸಿಹಿ ಆಮೇಲೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸುವವರಿಗೆ ಸಿಗುವುದು ಕಂದು ಬಣ್ಣದ ಕಷಾಯ.

ಇದಕ್ಕೆ ಹಾಲು ಹಾಕಬಹುದೇ ಎಂದು ಒಬ್ಬರು ಕೇಳಿದ್ದರು. ಹಾಲಿಗೆ ಹುಳಿ ಹಿಂಡುವುದು ಎಂಬ ಮಾತನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಧಾರಾಳವಾಗಿ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದಿನಾ ಲೋಟಗಟ್ಟಲೆ ಕುಡಿಯುವ ಮೊದಲು ವೈದ್ಯರನ್ನು ಒಂದು ಮಾತು ಕೇಳುವುದು ಲೇಸು.

ಹಂತ 6: ಒಲೆಯ ಮೇಲೆ

ಪಾಕ ಕೊನೆಗೆ, ಕಾಳು ಅದಕ್ಕೂ ಕೊನೆಗೆ. ಕುಂಬಳ, ಗೆಣಸು, ಹೂಕೋಸು ಏನನ್ನೇ ಹುರಿಯಿರಿ, ಪಾಕವನ್ನು ಮೊದಲೇ ಸವರಿದರೆ ತರಕಾರಿ ಬೇಯುವ ಮುಂಚೆ ಸಕ್ಕರೆ ಸೀಯುತ್ತದೆ. ಒಲೆಯಿಂದ ತೆಗೆಯಲು ಐದು ನಿಮಿಷ ಇರುವಾಗ ಎರಡು ಚಮಚ ಸುರಿದು ಹೊರಳಾಡಿಸಿ. ಕಾಳನ್ನು ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ. ಬೆಂದ ಕಾಳು ಬಣ್ಣಗೆಟ್ಟು ಬರೀ ಬೀಜವಾಗಿ ಹಲ್ಲಿಗೆ ಸಿಗುತ್ತದೆ.

ಪುರುಸೊತ್ತಿರುವ ದಿನ ಫೆಸೆಂಜಾನ್ ಎಂಬ ಇರಾನಿನ ಗೊಜ್ಜು ಮಾಡಿ. 250 ಗ್ರಾಂ ಅಕ್ರೋಟನ್ನು ಹುರಿದು ನುಣ್ಣಗೆ ಪುಡಿಮಾಡಿ, ಬಾಡಿಸಿದ ಈರುಳ್ಳಿಗೆ ಸೇರಿಸಿ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ಮೇಲೆ ಅಕ್ರೋಟಿನ ಎಣ್ಣೆ ತೇಲಬೇಕು. ತೇಲದಿದ್ದರೆ ಇನ್ನೂ ಆಗಿಲ್ಲ. ಆಮೇಲೆ ಅರ್ಧ ಬಟ್ಟಲು ಪಾಕ, ಉಪ್ಪು, ಬೇಕೆನಿಸಿದರೆ ಸಕ್ಕರೆ. ಮೂಲದಲ್ಲಿ ಇದಕ್ಕೆ ಬಾತುಕೋಳಿಯೋ ಕೋಳಿಯೋ ಬೀಳುತ್ತದೆ. ಹುರಿದ ಬದನೆ ನನ್ನ ಆಯ್ಕೆ, ಕುಂಬಳ ಹಾಕಿದರೆ ಸಿಹಿ ಜಾಸ್ತಿಯಾಗುತ್ತದೆ. ಬಣ್ಣ ಕೆಸರಿನಂತಿರುತ್ತದೆ, ಗಾಬರಿಯಾಗಬೇಡಿ. ಹೀಗಾಗಿಯೇ ಮೇಲೆ ಒಂದು ಹಿಡಿ ಹಸಿ ಕಾಳು.

ಕಾಳು ಉಳಿದರೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಮುದ್ದೆಯಾಗುವುದಿಲ್ಲ, ಸೋಡಾಕ್ಕೆ ಐಸ್ ಬದಲು ಅದನ್ನೇ ಹಾಕಬಹುದು. ಪಾಕದ ಸೀಸೆ ಖಾಲಿಯಾದಾಗ ತಳಕ್ಕೆ ಅಂಟಿದ್ದನ್ನು ಬಿಡಬೇಡಿ. ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ, ಶುಂಠಿ ಜಜ್ಜಿ ಹಾಕಿದರೆ ಒಂದು ಲೋಟಕ್ಕೆ ಅಷ್ಟೇ ಸಾಕು. ಸೀಸೆ ತೊಳೆಯುವ ಅರ್ಧ ಕೆಲಸವೂ ಅಲ್ಲೇ ಆಗಿರುತ್ತದೆ.