ಮಳೆಗಾಲ ಕಟ್ಟಿಕೊಟ್ಟ ಎಸೆತ: ನನ್ನ ಅನುಭವ

ಉಡುಪಿಯಲ್ಲಿ ಗುಂಡು ಎಸೆಯುವವರ ವರ್ಷ ಆರಂಭವಾಗುವುದು ಜೂನ್ ತಿಂಗಳಲ್ಲಿ. ಮಳೆ ಹಿಡಿಯಿತೆಂದರೆ ಅಜ್ಜರಕಾಡು ಕ್ರೀಡಾಂಗಣದ ಎಸೆತದ ವೃತ್ತ ಪೂರ್ತಿ ಒಣಗಿರುವ ದಿನಗಳು ಸೆಪ್ಟೆಂಬರ್ ತನಕ ಅಪರೂಪ. ಒದ್ದೆ ಕಾಂಕ್ರೀಟಿನ ಮೇಲೆ ಗ್ಲೈಡ್ ಮಾಡಿದರೆ, ಅಂದರೆ ಎಸೆಯುವ ಮುನ್ನ ವೃತ್ತದೊಳಗೆ ಹಿಮ್ಮುಖವಾಗಿ ಜಾರುವಂತೆ ಸರಿದರೆ, ಬಲಗಾಲು ಎಲ್ಲಿ ನಿಂತೀತೆಂದು ಹೇಳಲಾಗುವುದಿಲ್ಲ. ಕೈಗೆ ಹಚ್ಚುವ ಚಾಕ್ ಪುಡಿ ಡಬ್ಬಿಯೊಳಗೇ ತೇವ ಹಿಡಿಯುತ್ತದೆ, ಬಿದ್ದ ಗುಂಡನ್ನು ಪ್ರತಿ ಸಲವೂ ಕೆಸರಿನಿಂದ ಕಿತ್ತು ಒರೆಸಬೇಕಾಗುತ್ತದೆ. ಒಳನಾಡಿನ ಸ್ಪರ್ಧಿಗಳು ದಿನವೂ ಎಸೆಯುತ್ತಿರುವ ಆ ನಾಲ್ಕು ತಿಂಗಳಲ್ಲಿ ನಾವು ಏನು ಮಾಡಬೇಕೆಂಬುದು ಕರಾವಳಿಯ ಎಸೆತಗಾರರೆಲ್ಲರ ಪ್ರಶ್ನೆ. ರಾಜ್ಯ ಮಟ್ಟದಲ್ಲಿ ನಾನು ಗೆದ್ದ ಚಿನ್ನದ ಪದಕಗಳ ಹಿಂದೆ ಇರುವುದು ಈ ತಿಂಗಳುಗಳೇ ಆದ್ದರಿಂದ ಅವುಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮಹಿಳೆಯರ ಗುಂಡಿನ ತೂಕ 4 ಕೆ.ಜಿ., ಪುರುಷರದ್ದು 7.26 ಕೆ.ಜಿ. ವೃತ್ತದ ವ್ಯಾಸ ಇಬ್ಬರಿಗೂ 2.135 ಮೀಟರ್. ಇಷ್ಟು ಚಿಕ್ಕ ಜಾಗದಲ್ಲಿ ಗುಂಡಿಗೆ ಎಷ್ಟು ವೇಗ ತುಂಬಬಲ್ಲೆವು ಎಂಬುದರ ಮೇಲೆ ದೂರ ನಿಂತಿದೆ. ಗುಂಡು ಕೈಬಿಡುವ ಎತ್ತರ 2 ಮೀಟರ್, ಕೋನ 37 ಡಿಗ್ರಿ ಎಂದಿಟ್ಟುಕೊಂಡರೆ, ಸೆಕೆಂಡಿಗೆ 11 ಮೀಟರ್ ವೇಗದ ಎಸೆತ ಸುಮಾರು 14 ಮೀಟರ್ ಹೋಗುತ್ತದೆ. ವೇಗ 12 ಮೀಟರಿಗೆ ಏರಿದರೆ ಅದೇ ಎಸೆತ 16 ಮೀಟರ್ ದಾಟುತ್ತದೆ. 45 ಡಿಗ್ರಿಯಲ್ಲಿ ಎಸೆದರೆ ಹೆಚ್ಚು ದೂರ ಹೋಗುತ್ತದೆಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ಹೊಂದುವುದಿಲ್ಲ. ಗುಂಡು ನೆಲಮಟ್ಟದಿಂದ ಹೊರಡುವುದಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಕೋನ ಕಡಿದಾದಷ್ಟೂ ನಮ್ಮ ಶರೀರ ಕೊಡಬಲ್ಲ ವೇಗ ಕುಗ್ಗುತ್ತದೆ ಎಂಬುದು ಇನ್ನೊಂದು. ಆ ವೇಗದ ಬಹುಪಾಲು ಬರುವುದು ಕಾಲು ಮತ್ತು ಸೊಂಟದಿಂದ. ತೋಳಿನ ಕೆಲಸ ಕೊನೆಯ ಕ್ಷಣದ್ದು. ಇಷ್ಟು ಮನದಟ್ಟಾದ ಮೇಲೆ ಮಳೆಗಾಲದ ಬಗ್ಗೆ ನನಗಿದ್ದ ಆತಂಕ ಹೋಯಿತು, ಏಕೆಂದರೆ ಕಾಲನ್ನು ಕಟ್ಟಲು ಒಣಗಿದ ವೃತ್ತ ಬೇಕಾಗಿಲ್ಲ.

ಜೂನ್ ಮತ್ತು ಜುಲೈ ತಿಂಗಳುಗಳನ್ನು ನಾನು ಸ್ಕ್ವಾಟ್‌ಗೆ, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕುಳಿತು ಏಳುವ ಅಭ್ಯಾಸಕ್ಕೆ, ಮೀಸಲಿಡುತ್ತಿದ್ದೆ. ಮೊದಲು ಹೆಚ್ಚು ಸಲ, ಕಡಿಮೆ ಭಾರ. ವಾರ ಕಳೆದಂತೆ ಭಾರ ಏರಿಸಿ ಸಲ ಇಳಿಸುವುದು. ಆಗಸ್ಟ್ ಬಂದಾಗ ನೆಲದ ಭಾರವನ್ನು ಒಂದೇ ರಭಸಕ್ಕೆ ಭುಜದ ಮಟ್ಟಕ್ಕೆ ಎತ್ತುವ ಕ್ಲೀನ್ ಮತ್ತು ತಲೆಯ ಮೇಲಕ್ಕೇ ಎತ್ತುವ ಸ್ನ್ಯಾಚ್‌ಗೆ ಪ್ರಾಧಾನ್ಯ ಸಿಗುತ್ತಿತ್ತು, ಏಕೆಂದರೆ ನಿಧಾನವಾಗಿ ಎತ್ತುವ ಬಲವನ್ನು ಚುರುಕಾಗಿ ಎತ್ತುವ ಬಲವನ್ನಾಗಿ ಮಾರ್ಪಡಿಸದಿದ್ದರೆ ಜಿಮ್‌ನಲ್ಲಿ ಗಳಿಸಿದ್ದು ವೃತ್ತದಲ್ಲಿ ಕಾಣುವುದಿಲ್ಲ. ಜಗಲಿಯ ಗೋಡೆಗೆ ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಎಸೆಯುವುದು, ಮಾಡಿನಡಿಯ ಮೆಟ್ಟಿಲುಗಳನ್ನು ಎರಡೂ ಕಾಲು ಜೋಡಿಸಿ ಹಾರಿ ಏರುವುದು, ಗುಂಡು ಹಿಡಿಯದೆಯೇ ಗ್ಲೈಡ್‌ನ ಅಭ್ಯಾಸ ಮಾಡುವುದು ಸಂಜೆಯ ಕೆಲಸಗಳಾಗಿದ್ದವು. ಈ ಬರಿಗೈ ಗ್ಲೈಡ್ ನನಗೆ ಬಹಳ ಪ್ರಿಯವಾದ ಅಭ್ಯಾಸ. ಕೈಯಲ್ಲಿ ಗುಂಡು ಇಲ್ಲದಾಗ ದೂರದ ಆಸೆ ಇರುವುದಿಲ್ಲ. ಬಲಗಾಲು ವೃತ್ತದ ನಡುವಿಗೆ ಬಂದು ನಿಲ್ಲುವಾಗ ಭುಜ ಇನ್ನೂ ಹಿಂದಕ್ಕೇ ನೋಡುತ್ತಿದೆಯೇ, ಎಡಗಾಲು ತಡಮಾಡದೆ ವೃತ್ತದ ಮುಂಭಾಗದ ಅಡ್ಡಪಟ್ಟಿಯಾದ ಟೋ ಬೋರ್ಡಿನ ಬಳಿ ಊರಿತೇ ಎಂಬುದರ ಮೇಲೆ ಮಾತ್ರ ಗಮನವಿರುತ್ತದೆ. ಆ ಎಡಗಾಲು ಬಾಗಿಲಿನ ತಿರುಗಣೆಯಂತೆ ಗಟ್ಟಿಯಾಗಿ ನಿಂತರೆ ಮಾತ್ರ ಬಲಭಾಗವೆಲ್ಲ ಅದರ ಸುತ್ತ ವೇಗವಾಗಿ ತಿರುಗಿ ಬರಲು ಸಾಧ್ಯ.

ಊಟದ ವಿಷಯದಲ್ಲಿ ಕರಾವಳಿಯವರಿಗೆ ಕೊರತೆ ಇಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಅಥವಾ ಬೂತಾಯಿ, ಮೊಟ್ಟೆ ಮತ್ತು ಹುರುಳಿ ನನ್ನ ತರಬೇತಿಗೆ ಸಾಕಾದವು. ಯಾಂತ್ರಿಕ ಮೀನುಗಾರಿಕೆ ನಿಂತಿರುವ ಮಳೆಯ ವಾರಗಳಲ್ಲಿ ಮೀನಿನ ಬೆಲೆ ಏರಿದಾಗ ಮೊಟ್ಟೆಯ ಪಾಲು ಹೆಚ್ಚುತ್ತಿತ್ತು.

ಎಸೆತದ ಶೈಲಿಯ ಬಗ್ಗೆ ಕಿರಿಯರು ಸದಾ ಕೇಳುತ್ತಾರೆ. ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ಹಿಂದಕ್ಕೆ ಸರಿಯುವ ಗ್ಲೈಡ್ ಅನ್ನು 1950ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಪ್ಯಾರಿ ಓಬ್ರಿಯನ್. 1952 ಮತ್ತು 1956ರ ಒಲಿಂಪಿಕ್ಸ್ ಚಿನ್ನ ಅವರದೇ. ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಬಾರಿಶ್ನಿಕೋವ್ ಡಿಸ್ಕಸ್ ಎಸೆತಗಾರರಂತೆ ಸುತ್ತು ಹಾಕಿ 1976ರಲ್ಲಿ 22.00 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. 2023ರಲ್ಲಿ ಅಮೆರಿಕದ ರಯಾನ್ ಕ್ರೌಸರ್ 23.56 ಮೀಟರ್ ತಲುಪಿದ್ದೂ ಸುತ್ತು ಹಾಕಿಯೇ. ಆದರೆ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಸಲ ಚಿನ್ನ ಗೆದ್ದು, 2023ರಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದ ನಮ್ಮ ತೇಜಿಂದರ್‌ಪಾಲ್ ಸಿಂಗ್ ತೂರ್ ಗ್ಲೈಡ್ ಮಾಡುವವರು. ಸುತ್ತುವ ಶೈಲಿಯಲ್ಲಿ ಗುಂಡಿಗೆ ಹೆಚ್ಚು ಉದ್ದದ ದಾರಿ ಸಿಗುತ್ತದೆ ನಿಜ, ಆದರೆ ಅದು ಬೇಡುವ ನಿಖರತೆ ಬರಬೇಕಾದರೆ ವರ್ಷವಿಡೀ ಒಣಗಿದ ವೃತ್ತದಲ್ಲಿ ಎಸೆಯಬೇಕು. ಆದ್ದರಿಂದ ನಾನು ಗ್ಲೈಡ್ ಅನ್ನೇ ಆಯ್ದುಕೊಂಡೆ. ನಮ್ಮ ಊರಿನ ಹವೆಗೆ ಅದು ಈಗಲೂ ಸರಿಯಾದ ಆಯ್ಕೆಯೆಂಬುದೇ ನನ್ನ ಅಭಿಪ್ರಾಯ.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಗುಂಡಿನ ಅಭ್ಯಾಸಕ್ಕೆ ಮರಳುವಾಗ ಮೊದಲ ವಾರಗಳಲ್ಲಿ ನಿಂತಲ್ಲಿಂದಲೇ ಎಸೆಯುತ್ತಿದ್ದೆ. ಗುಂಡು ಅಂಗೈಯಲ್ಲಿ ಕೂರದೆ ಬೆರಳುಗಳ ಬುಡದಲ್ಲಿ ನಿಂತು ಕುತ್ತಿಗೆಗೆ ಒತ್ತಿಕೊಂಡಿರಬೇಕು. ಮಣಿಕಟ್ಟು ಆ ಭಾರಕ್ಕೆ ಮತ್ತೆ ಒಗ್ಗಲು ಸಮಯ ಕೊಡದವರು ಮೊದಲ ಕೂಟಕ್ಕೇ ಬೆರಳಿನ ನೋವು ಹೊತ್ತು ಬರುವುದನ್ನು ನೋಡಿದ್ದೇನೆ. ಆಮೇಲೆ ಗ್ಲೈಡ್ ಸೇರಿಸಿದಾಗ, ನಿಂತ ಎಸೆತಕ್ಕಿಂತ ಅದು ಒಂದೂವರೆ ಮೀಟರಿನಷ್ಟಾದರೂ ಹೆಚ್ಚು ಕೊಡುತ್ತಿದೆಯೇ ಎಂದು ಅಳೆದು ನೋಡುತ್ತಿದ್ದೆ. ಅಷ್ಟು ಸಿಗದಿದ್ದರೆ ವೃತ್ತದ ನಡುವೆ ವೇಗ ಸೋರಿಹೋಗುತ್ತಿದೆ ಎಂದರ್ಥ.

ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲಿ ಸ್ಪರ್ಧಿಸುವಾಗ ನಾನು ಪಾಲಿಸುತ್ತಿದ್ದ ಕ್ರಮ ಸರಳವಾದದ್ದು. ಮೊದಲ ಮೂರು ಸುತ್ತುಗಳ ಬಳಿಕ ಅಗ್ರ ಎಂಟು ಮಂದಿಗೆ ಮಾತ್ರ ಮತ್ತೆ ಮೂರು ಎಸೆತಗಳ ಅವಕಾಶ ಸಿಗುವುದರಿಂದ, ಮೊದಲನೆಯದನ್ನು ಫೌಲ್ ಆಗದಂತೆ ಸಮಾಧಾನದಿಂದ ಎಸೆದು ದಾಖಲೆಗೆ ಒಂದು ಅಂಕಿ ಸೇರಿಸುತ್ತಿದ್ದೆ. ಪೂರ್ಣ ವೇಗ ಎರಡನೆಯದರಿಂದ. ಸೆಕೆಯಲ್ಲಿ ಕುತ್ತಿಗೆಯ ಬೆವರಿಗೆ ಗುಂಡು ಜಾರುವುದರಿಂದ ಅಲ್ಲಿಗೂ ಚಾಕ್ ಹಚ್ಚುವುದು ಅಗತ್ಯ.

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಿರಣ್ ಬಾಲಿಯಾನ್ 17.36 ಮೀಟರ್ ಎಸೆದು ಕಂಚು ಗೆದ್ದಾಗ, ಮಹಿಳೆಯರ ಗುಂಡು ಎಸೆತದಲ್ಲಿ ಭಾರತಕ್ಕೆ 1951ರ ಬಳಿಕ ಮೊದಲ ಸಲ ಆ ಕೂಟದ ಪದಕ ಬಂತು. ಆಮೇಲೆ ನನ್ನ ಬಳಿ ಕಲಿಯುವ ಹುಡುಗಿಯರು 4 ಕೆ.ಜಿ. ಗುಂಡು ಬೇಗ ಕೊಡಿ ಎಂದು ಕೇಳತೊಡಗಿದ್ದಾರೆ. ಆ ಹುಮ್ಮಸ್ಸು ನನಗೆ ತುಂಬ ಸಂತೋಷದ ವಿಷಯ. ಆದರೂ ಹದಿನೆಂಟರೊಳಗಿನವರ ವಿಭಾಗದ 3 ಕೆ.ಜಿ. ಗುಂಡಿನಲ್ಲಿ ಎಡಗಾಲು ನೆಟ್ಟಗೆ ನಿಲ್ಲುವ ತನಕ ಭಾರದ್ದನ್ನು ಕೊಡುವುದಿಲ್ಲ. ಬರುವ ಜೂನ್‌ನಲ್ಲಿ ಅವರೆಲ್ಲರಿಗೂ ಸ್ಕ್ವಾಟ್ ಮತ್ತು ಬರಿಗೈ ಗ್ಲೈಡ್‌ನಿಂದಲೇ ಆರಂಭ.