ಗ್ಯಾಂಟ್ರಿಯ ಕೆಳಗಿನ ಹತ್ತು ಸೆಕೆಂಡ್: ಬದಲಾಗುವ ವೇಗಮಿತಿಯ ದಂಡವನ್ನು ನಾನು ಪ್ರಶ್ನಿಸುವ ಕ್ರಮ

ಇಂಗ್ಲೆಂಡಿನ ಮೋಟಾರ್‌ವೇಯಿಂದ ವೇಗದ ನೋಟಿಸ್ ಮನೆಗೆ ಬಂದಾಗ ಎಲ್ಲರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: "ನಾನು ಅಷ್ಟು ಜೋರಾಗಿ ಓಡಿಸಿಯೇ ಇಲ್ಲ." ಬದಲಾಗುವ ವೇಗಮಿತಿ ಇರುವ ರಸ್ತೆಯಲ್ಲಿ ಈ ವಾದದಿಂದ ಕೆಲಸ ಆಗುವುದು ತೀರಾ ಅಪರೂಪ. ರಾಡಾರ್ ಅಳೆದ ವೇಗ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೇಳಬೇಕಾದ್ದು ಬೇರೆ. ನಿಮ್ಮ ಕಾರು ಆ ಗ್ಯಾಂಟ್ರಿಯನ್ನು, ಅಂದರೆ ರಸ್ತೆಯ ಮೇಲೆ ಅಡ್ಡಲಾಗಿ ನಿಂತು ಫಲಕಗಳನ್ನು ಹೊತ್ತ ಚೌಕಟ್ಟನ್ನು, ದಾಟಿದ ಕ್ಷಣದಲ್ಲಿ ಫಲಕದ ಮೇಲೆ ಯಾವ ಸಂಖ್ಯೆ ಇತ್ತು, ಅದಕ್ಕೆ 10 ಸೆಕೆಂಡ್ ಮೊದಲು ಯಾವುದಿತ್ತು? ನನ್ನ ಮತ್ತು ಗೆಳೆಯರ ನೋಟಿಸ್‌ಗಳಿಗೆ ಉತ್ತರ ಬರೆಯುವಾಗ ನಾನು ಮೊದಲು ಹಿಡಿಯುವುದು ಈ ಎಳೆಯನ್ನೇ. ಸಿಕ್ಕರೆ ಮುಂದುವರಿಯುತ್ತೇನೆ, ಸಿಗದಿದ್ದರೆ ದಂಡದ ಬದಲು ಸಿಗುವ ವೇಗ ಜಾಗೃತಿ ಕೋರ್ಸ್ ಒಪ್ಪಿಕೊಳ್ಳಿ ಎನ್ನುತ್ತೇನೆ.

ರಸ್ತೆಯೊಳಗೆ ಹೂತಿಟ್ಟ ತಂತಿ ಸುರುಳಿಗಳಂಥ ಸಂವೇದಕಗಳು ವಾಹನಗಳ ದಟ್ಟಣೆ ಮತ್ತು ವೇಗವನ್ನು ಗ್ರಹಿಸುತ್ತವೆ. ಈ ವ್ಯವಸ್ಥೆಯ ಹೆಸರು ಮಿಡಾಸ್. ಅದರ ಲೆಕ್ಕದ ಮೇಲೆ, ಕೆಲವೊಮ್ಮೆ ನಿಯಂತ್ರಣ ಕೊಠಡಿಯ ಸಿಬ್ಬಂದಿಯ ಆದೇಶದ ಮೇಲೆ, ಫಲಕಗಳಲ್ಲಿ 60, 50, 40 ಮೂಡುತ್ತದೆ. ಸಂಖ್ಯೆಯ ಸುತ್ತ ಕೆಂಪು ಉಂಗುರ ಇದ್ದರೆ ಅದು ಕಡ್ಡಾಯ ಮಿತಿ. ಉಂಗುರ ಇಲ್ಲದಿದ್ದರೆ ಬರೀ ಸಲಹೆ. ಗ್ಯಾಂಟ್ರಿಗೆ ಕಟ್ಟಿದ ಹ್ಯಾಡೆಕ್ಸ್ ಕ್ಯಾಮೆರಾಕ್ಕೆ ಸದ್ಯದ ಮಿತಿ ಎಷ್ಟು ಎಂಬುದು ಸಂಕೇತ ವ್ಯವಸ್ಥೆಯಿಂದ ತಿಳಿಯಬೇಕು. ಅಂದರೆ ಇಲ್ಲಿ ಎರಡು ಯಂತ್ರಗಳ ನಡುವೆ ಮಾಹಿತಿ ಸಾಗುತ್ತದೆ. ಸ್ಥಿರ ಮಿತಿಯ ರಸ್ತೆಯ ಕ್ಯಾಮೆರಾದಲ್ಲಿ ಇಲ್ಲದ ದೌರ್ಬಲ್ಯ ಇದು.

ಈ ದೌರ್ಬಲ್ಯ ಬರೀ ಊಹೆಯಲ್ಲ. ಕೆಲವು ಮೋಟಾರ್‌ವೇ ಮತ್ತು ಎ ದರ್ಜೆಯ ರಸ್ತೆಗಳಲ್ಲಿ ಫಲಕ ಬದಲಾದದ್ದು ಕ್ಯಾಮೆರಾಕ್ಕೆ ಸುಮಾರು 10 ಸೆಕೆಂಡ್ ತಡವಾಗಿ ತಿಳಿಯುತ್ತಿತ್ತು, 2021ರಿಂದ ಈಚೆಗೆ ಸುಮಾರು 2,650 ಬಾರಿ ವಾಹನಗಳು ತಪ್ಪಾಗಿ ದಾಖಲಾಗಿದ್ದವು ಎಂದು ಈ ರಸ್ತೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಹೈವೇಸ್ 2025ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಒಟ್ಟು ನೋಟಿಸ್‌ಗಳ ಎದುರು ಇದು ಸಣ್ಣ ಸಂಖ್ಯೆ. ಆದರೆ ಆ 2,650ರಲ್ಲಿ ಒಬ್ಬರಾದವರ ಲೈಸೆನ್ಸ್ ಮೇಲೆ ಬೀಳುವ ದಂಡದ ಪಾಯಿಂಟ್ ಸಣ್ಣದಲ್ಲ.

ಇನ್ನು ಕಾನೂನಿನ 10 ಸೆಕೆಂಡ್. ಬದಲಾಗುವ ಮಿತಿ ಇರುವ ಪ್ರತಿಯೊಂದು ರಸ್ತೆಭಾಗಕ್ಕೂ ಅದರದ್ದೇ ನಿಯಮಾವಳಿ ಇದೆ. ಸರ್ಕಾರದ ಶಾಸನ ಜಾಲತಾಣದಲ್ಲಿ ಮೋಟಾರ್‌ವೇ ಸಂಖ್ಯೆ ಮತ್ತು ಜಂಕ್ಷನ್ ಸಂಖ್ಯೆ ಹಾಕಿ ಹುಡುಕಿ. ಮುಖ್ಯ ವಾಕ್ಯದ ಸಾರ ಇಷ್ಟು: ನಿಮಗೆ ಅನ್ವಯಿಸುವ ಮಿತಿ ಎಂದರೆ ನೀವು ಫಲಕ ದಾಟಿದಾಗ ಅದು ತೋರಿಸುತ್ತಿದ್ದ ಸಂಖ್ಯೆ; ದಾಟುವುದಕ್ಕೆ 10 ಸೆಕೆಂಡ್ ಮೊದಲು ಅಲ್ಲಿ ಅದಕ್ಕಿಂತ ಹೆಚ್ಚಿನ ಸಂಖ್ಯೆ ಇದ್ದಿದ್ದರೆ, ಆ ಹೆಚ್ಚಿನದು. ಗಂಟೆಗೆ 60 ಮೈಲಿಯಲ್ಲಿ 10 ಸೆಕೆಂಡ್ ಎಂದರೆ ಸುಮಾರು 268 ಮೀಟರ್. ದೂರದಿಂದ 60 ನೋಡಿಕೊಂಡು ಬಂದವನು ಫಲಕ ಹತ್ತಿರವಾದಾಗ 50 ಆಯಿತೆಂದು ಗಕ್ಕನೆ ಬ್ರೇಕ್ ಒತ್ತಿ ಹಿಂದಿನವನಿಂದ ಗುದ್ದಿಸಿಕೊಳ್ಳಬಾರದಲ್ಲ.

ಲೆಕ್ಕ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಮಿತಿ ಇಳಿದಾಗ. ಫಲಕ 8:14:20ಕ್ಕೆ 60ರಿಂದ 50ಕ್ಕೆ ಇಳಿಯಿತು, ನೀವು 8:14:27ಕ್ಕೆ 59 ಮೈಲಿಯಲ್ಲಿ ದಾಟಿದಿರಿ ಎನ್ನಿ. ಏಳೇ ಸೆಕೆಂಡ್ ಆಗಿದೆ, ಆದ್ದರಿಂದ ನಿಮಗೆ ಮಿತಿ 60. ಮುಂದೆ ಬೇರೆ ಮಿತಿಯ ಫಲಕ ದಾಟುವವರೆಗೂ 60ರದೇ ಲೆಕ್ಕ. ಎರಡನೆಯದು, ಮಿತಿ ಏರಿದಾಗ. ಫಲಕ 8:14:20ಕ್ಕೆ 50ರಿಂದ 60 ಆಯಿತು, ನೀವು 8:14:24ಕ್ಕೆ 58ರಲ್ಲಿ ದಾಟಿದಿರಿ. ದಾಟುವಾಗ ಕಂಡದ್ದೇ 60, ತಪ್ಪಿಲ್ಲ. ಆದರೆ ಕ್ಯಾಮೆರಾ ಇನ್ನೂ 50 ಎಂದೇ ತಿಳಿದಿದ್ದರೆ ಮನೆಗೆ "50ರಲ್ಲಿ 58" ಎಂಬ ನೋಟಿಸ್ ಬರುತ್ತದೆ. ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ದಾಖಲೆ ಕೈಗೆ ಬಂದಾಗ ಎರಡನ್ನೂ ನೋಡಬೇಕು.

ಇದೇ ನಿಯಮಾವಳಿಯಲ್ಲಿ ನಮಗೆ ವಿರುದ್ಧವಾಗಿ ತಿರುಗುವ ಮಾತೂ ಇದೆ. ಒಂದು ಗ್ಯಾಂಟ್ರಿಯಲ್ಲಿ 50 ಇತ್ತು, ಮುಂದಿನದು ಖಾಲಿ. ಖಾಲಿ ಎಂದರೆ 70 ಎಂದುಕೊಂಡು ಕಾಲು ಒತ್ತುವವರು ಬಹಳ. ಬೇರೆ ಮಿತಿಯ ಫಲಕವನ್ನಾಗಲಿ, ಬಿಳಿ ವೃತ್ತದ ಮೇಲೆ ಕಪ್ಪು ಓರೆಗೆರೆ ಇರುವ ರಾಷ್ಟ್ರೀಯ ಮಿತಿಯ ಚಿಹ್ನೆಯನ್ನಾಗಲಿ ದಾಟುವವರೆಗೆ ಹಿಂದಿನ 50 ಮುಂದುವರಿಯುತ್ತದೆ. ಮುಂದೆ ದೂರದಲ್ಲಿ ಓರೆಗೆರೆ ಕಾಣುತ್ತಿದ್ದರೂ ದಾಟುವವರೆಗೆ ಅದು ಲೆಕ್ಕಕ್ಕಿಲ್ಲ. ನನ್ನ ಕೈಗೆ ಬಂದ ನೋಟಿಸ್‌ಗಳಲ್ಲಿ ಇಂಥವನ್ನು ಪ್ರಶ್ನಿಸಬೇಡಿ ಎಂದೇ ಹೇಳಿದ್ದೇನೆ.

ನೋಟಿಸ್ ಬಂದ ದಿನ ಮಾಡುವ ಕೆಲಸ. ಮೊದಲು ದಿನಾಂಕ. 1988ರ ರಸ್ತೆ ಸಂಚಾರ ಅಪರಾಧಿಗಳ ಕಾಯ್ದೆಯ 1ನೇ ಕಲಂ ಪ್ರಕಾರ ಮೊದಲ ನೋಟಿಸ್ ವಾಹನದ ನೋಂದಾಯಿತ ಕೀಪರ್‌ಗೆ 14 ದಿನದೊಳಗೆ ತಲುಪಬೇಕು. ಘಟನೆಯ ದಿನವನ್ನು ಎಣಿಸುವಂತಿಲ್ಲ. ಆದರೆ ಕಾರು ಲೀಸ್‌ನದ್ದಾದರೆ ಮೊದಲ ನೋಟಿಸ್ ಹೋಗುವುದು ಲೀಸ್ ಕಂಪನಿಗೆ. ಅವರು ಹೆಸರು ಕೊಟ್ಟ ಮೇಲೆ ನಿಮಗೆ ಬರುವ ಎರಡನೆಯದು ತಿಂಗಳು ತಡವಾದರೂ ಅದು ಸಮರ್ಥನೆ ಆಗುವುದಿಲ್ಲ. ಕಂಪನಿಯ ಸಂಬಳದಿಂದ ಕಡಿತವಾಗುವ ಲೀಸ್ ಕಾರು ಇಟ್ಟುಕೊಂಡವರು ಈ 14 ದಿನದ ವಾದವನ್ನು ನಂಬಿ ಎಡವುತ್ತಾರೆ. ಮನೆ ಬದಲಿಸಿ ವಿ5ಸಿ ಎಂಬ ವಾಹನ ನೋಂದಣಿ ದಾಖಲೆಯಲ್ಲಿ ವಿಳಾಸ ತಿದ್ದಿಸದವರೂ ಅಷ್ಟೇ.

ಎರಡನೆಯದು, ಚಾಲಕ ಯಾರು ಎಂಬ ಪ್ರಶ್ನೆಗೆ 28 ದಿನದೊಳಗೆ ಉತ್ತರ. ಇದನ್ನು ಯಾವ ಕಾರಣಕ್ಕೂ ತಡೆಹಿಡಿಯಬೇಡಿ. ಹೆಸರು ಹೇಳುವುದೆಂದರೆ ತಪ್ಪು ಒಪ್ಪಿಕೊಂಡಂತೆ ಅಲ್ಲ. ಆ ಹೊತ್ತಿಗೆ ಓಡಿಸುತ್ತಿದ್ದವರು ಯಾರು ಎಂದು ತಿಳಿಸಿದ್ದು ಮಾತ್ರ. ಉತ್ತರ ಕೊಡದಿದ್ದರೆ ರಸ್ತೆ ಸಂಚಾರ ಕಾಯ್ದೆಯ 172ನೇ ಕಲಂ ಅಡಿ 6 ಪಾಯಿಂಟ್ ಮತ್ತು 1,000 ಪೌಂಡ್‌ವರೆಗೆ ದಂಡ. ನಮ್ಮ ಕಡೆಯವರಿಗೆ ಇದು ಇನ್ನೂ ಅಪಾಯ. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ್ದರೂ ಬ್ರಿಟನ್ನಿನ ಪರೀಕ್ಷೆ ಪಾಸಾಗಿ 2 ವರ್ಷ ಆಗುವುದರೊಳಗೆ 6 ಪಾಯಿಂಟ್ ಸೇರಿದರೆ ಲೈಸೆನ್ಸ್ ರದ್ದು, ಮತ್ತೆ ಎಲ್‌ನಿಂದ ಶುರು. 3 ಪಾಯಿಂಟ್‌ನ ಜಗಳಕ್ಕೆ ಹೋಗಿ ಕಾಗದ ಕಳಿಸುವುದನ್ನು ಮರೆತು 6 ತಗೊಂಡವರಿದ್ದಾರೆ. ಸಹಿ ಹಾಕಿ, ಪ್ರತಿ ಇಟ್ಟುಕೊಂಡು, ಅಂಚೆ ಕಚೇರಿಯ ರಸೀದಿ ತೆಗೆದುಕೊಂಡು ಕಳಿಸಿ.

ಅದೇ ದಿನ ಡ್ಯಾಶ್‌ಕ್ಯಾಮ್ ಕಾರ್ಡ್ ಹೊರತೆಗೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತಾ ಹೋಗುವುದರಿಂದ ನೋಟಿಸ್ ಬರುವಷ್ಟರಲ್ಲಿ ಬೇಕಾದ ಭಾಗ ಅಳಿಸಿಹೋಗಿರುವುದೇ ಹೆಚ್ಚು. ಫಲಕ ತಲೆಯ ಮೇಲೇ ಬದಲಾದಂತೆ ಅನಿಸಿದರೆ ಮುಂದಿನ ಸರ್ವಿಸಸ್‌ನಲ್ಲಿ (ಮೋಟಾರ್‌ವೇ ಬದಿಯ ತಂಗುದಾಣ) ನಿಲ್ಲಿಸಿ ಆ ತುಣುಕನ್ನು ಲಾಕ್ ಮಾಡುವುದು ನನ್ನ ಅಭ್ಯಾಸ. ಜಿಪಿಎಸ್ ಇರುವ ಕ್ಯಾಮ್‌ನ ಗಡಿಯಾರವೇ ಕೆಲಸಕ್ಕೆ ಬರುವುದು. ಕೈಯಿಂದ ಹೊಂದಿಸಿದ ಗಡಿಯಾರ ಎರಡು ನಿಮಿಷ ಆಚೀಚೆ ಇದ್ದರೆ ಸೆಕೆಂಡಿನ ವಾದಕ್ಕೆ ಅರ್ಥವೇ ಇಲ್ಲ.

ಮೂರನೆಯದು ಎರಡು ಪತ್ರ, ಎರಡೂ ಅಂದೇ. ಒಂದು ಪೊಲೀಸ್ ಟಿಕೆಟ್ ಕಚೇರಿಗೆ. ಚಾಲಕನನ್ನು ಗುರುತಿಸಲು ನೆರವಾಗಲಿ ಎಂದು ಫೋಟೊ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಉಳಿದ ಸಾಕ್ಷ್ಯವನ್ನು ಈ ಹಂತದಲ್ಲಿ ಕೊಡಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಹಾಗಾಗಿ ದಬಾಯಿಸದೆ ಕೇಳಿ. ಗ್ಯಾಂಟ್ರಿಯ ಗುರುತು, ದಾಟಿದ ಸಮಯ ಸೆಕೆಂಡ್ ಸಮೇತ, ಫಲಕ ಆ ಮಿತಿಗೆ ಬದಲಾದ ಸಮಯ: ಈ ಮೂರು ಸಾಕು. ಹತ್ತು ಪುಟದ ಪ್ರಶ್ನಾವಳಿ ಕಳಿಸಿದರೆ ಸಿದ್ಧ ಉತ್ತರವೇ ಬರುತ್ತದೆ.

ಇನ್ನೊಂದು ನ್ಯಾಷನಲ್ ಹೈವೇಸ್‌ಗೆ, ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ. ಫಲಕಗಳ ಪ್ರತಿಯೊಂದು ಬದಲಾವಣೆಯೂ ಹ್ಯಾಲೊಜೆನ್ ಎಂಬ ದಾಖಲೆಯಲ್ಲಿ ಸೇರುತ್ತದೆ. ಅದರಲ್ಲಿ ನಿಮ್ಮ ಗ್ಯಾಂಟ್ರಿ, ಹಿಂದಿನ ಎರಡು, ಮುಂದಿನ ಒಂದು. ನೋಟಿಸ್‌ನ ಸಮಯಕ್ಕೆ 15 ನಿಮಿಷ ಹಿಂದೆ, 5 ನಿಮಿಷ ಮುಂದೆ ಎಂದು ಕೇಳಿ. ಸ್ಥಳವನ್ನು ಜಂಕ್ಷನ್ ಹೆಸರಿನಲ್ಲಿ ಹೇಳಿದರೆ ಸಾಲದು. ರಸ್ತೆ ಬದಿಯ ನೀಲಿ ಫಲಕದಲ್ಲಿ ಮೋಟಾರ್‌ವೇ ಸಂಖ್ಯೆ, ಎ ಅಥವಾ ಬಿ ಎಂಬ ದಿಕ್ಕಿನ ಅಕ್ಷರ, ಕಿಲೋಮೀಟರ್ ಸಂಖ್ಯೆ ಇರುತ್ತದಲ್ಲ, ಆ ರೂಪದಲ್ಲಿ ಬರೆಯಿರಿ. ನೋಟಿಸ್‌ನಲ್ಲಿಯೂ ಬಹುತೇಕ ಅದೇ ಗುರುತು ಇರುತ್ತದೆ. ದಿಕ್ಕಿನ ಅಕ್ಷರ ತಪ್ಪಿದರೆ ಎದುರು ಬದಿಯ ದಾಖಲೆ ಕೈಗೆ ಬರುತ್ತದೆ. ಉತ್ತರಕ್ಕೆ ಅವರಿಗೆ 20 ಕೆಲಸದ ದಿನಗಳ ಅವಕಾಶ ಇದೆ, ಅಂದರೆ ನಾಲ್ಕು ವಾರ. ದಂಡದ ಪ್ರಸ್ತಾಪಕ್ಕೂ ಇರುವುದು 28 ದಿನವೇ. ಒಂದು ವಾರ ತಡ ಮಾಡಿದರೆ ದಾಖಲೆ ಬರುವ ಮೊದಲೇ ಗಡುವು ಮುಗಿಯುತ್ತದೆ. ನೀವು ಪತ್ರ ಬರೆದಿದ್ದೀರಿ ಎಂದು ಯಾವ ಗಡುವೂ ನಿಲ್ಲುವುದಿಲ್ಲ.

ದಾಖಲೆ ಬಂದಾಗ ಓದುವ ಕ್ರಮ. ಮೊದಲು ಗಡಿಯಾರ: ಬೇಸಿಗೆಯ ತಿಂಗಳಾದರೆ ಗ್ರೀನಿಚ್ ಸಮಯವೋ ಒಂದು ಗಂಟೆ ಮುಂದಿಟ್ಟ ಸಮಯವೋ ಖಚಿತ ಮಾಡಿಕೊಳ್ಳಿ. ಆಮೇಲೆ ಆದೇಶ ಹೊರಟ ಸಮಯಕ್ಕೂ ಫಲಕ ಅದನ್ನು ತೋರಿಸಿದ ಸಮಯಕ್ಕೂ ವ್ಯತ್ಯಾಸ ಇದೆಯೇ ನೋಡಿ. ನಮಗೆ ಬೇಕಾದ್ದು ಎರಡನೆಯದು. ನಿಮ್ಮ ದಾಟುವ ಸಮಯದಿಂದ 10 ಸೆಕೆಂಡ್ ಕಳೆಯಿರಿ. ಆ ಎರಡು ಗುರುತುಗಳ ನಡುವೆ ಬದಲಾವಣೆ ಬಿದ್ದಿದ್ದರೆ ಪ್ರಕರಣ ಗಟ್ಟಿ. ಬದಲಾವಣೆ ದಾಟುವುದಕ್ಕೆ ಎರಡು ಮೂರು ನಿಮಿಷ ಮೊದಲೇ ಆಗಿದ್ದರೆ ಅಲ್ಲಿಗೆ ಬಿಡಿ. ಹೆಚ್ಚಿನ ದಾಖಲೆಗಳು ಹೀಗೆಯೇ ಇರುತ್ತವೆ, ಮನಸ್ಸಿಗೆ ಕಹಿಯಾದರೂ.

ಬಿಟ್ಟರೆ ಏನು, ಹಿಡಿದರೆ ಏನು? ಪೊಲೀಸರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕ್ರಮ ಶುರುವಾಗುವುದು ಮಿತಿಯ ಮೇಲೆ ಶೇ 10 ಮತ್ತು 2 ಮೈಲಿ ಸೇರಿದಾಗ: 40ಕ್ಕೆ 46, 50ಕ್ಕೆ 57, 60ಕ್ಕೆ 68. ಕೋರ್ಸ್ ಸಿಗುವ ಮೇಲಿನ ಅಂಚು ಕ್ರಮವಾಗಿ 53, 64, 75. ಮೂರು ವರ್ಷದೊಳಗೆ ಕೋರ್ಸ್ ಮಾಡಿರಬಾರದು. ಮೋಟಾರ್‌ವೇಗೆಂದೇ ಬೇರೆ ಕೋರ್ಸ್ ಇದೆ. ಶುಲ್ಕ ಕಟ್ಟಿ ಕುಳಿತು ಮುಗಿಸಿದರೆ ಪಾಯಿಂಟ್ ಇಲ್ಲ. ಅದಕ್ಕಿಂತ ಮೇಲಾದರೆ 100 ಪೌಂಡ್, 3 ಪಾಯಿಂಟ್. ಇನ್ನೂ ಮೇಲಾದರೆ, 50ರಲ್ಲಿ 76, 60ರಲ್ಲಿ 86ರಿಂದ, ನೇರ ನ್ಯಾಯಾಲಯ. ಕೋರ್ಸ್ ಅಥವಾ ದಂಡ, ಯಾವುದನ್ನು ಒಪ್ಪಿದರೂ ವಿವಾದ ಅಲ್ಲಿಗೆ ಮುಗಿಯುತ್ತದೆ. ಸಾಕ್ಷ್ಯ ಗಟ್ಟಿ ಇಲ್ಲದೆ ಕೋರ್ಸ್ ಬಿಡುವುದು ನನ್ನ ದೃಷ್ಟಿಯಲ್ಲಿ ಬುದ್ಧಿವಂತಿಕೆಯಲ್ಲ.

ಗಟ್ಟಿ ಇದ್ದರೆ ಮೊದಲು ಟಿಕೆಟ್ ಕಚೇರಿಗೇ ಒಂದು ಪುಟದ ಪತ್ರ. ಮೇಲೆ ನೋಟಿಸ್ ಸಂಖ್ಯೆ, ಕೆಳಗೆ ಮೂರು ಸಾಲಿನ ಸಮಯಪಟ್ಟಿ, ನಿಯಮಾವಳಿಯ ಹೆಸರು ಮತ್ತು ಕಲಂ, ಲಗತ್ತಾಗಿ ಹ್ಯಾಲೊಜೆನ್ ಪುಟ. ದಟ್ಟಣೆಯೇ ಇರಲಿಲ್ಲ, ಮಿತಿ ಅನಗತ್ಯವಾಗಿತ್ತು, ಕ್ಯಾಮೆರಾ ಕಾಣಿಸಲಿಲ್ಲ, ಎಲ್ಲರೂ ಅಷ್ಟೇ ವೇಗದಲ್ಲಿದ್ದರು: ಇವು ಯಾವುವೂ ಸಮರ್ಥನೆಗಳಲ್ಲ. ಸೇರಿಸಿದರೆ ಒಳ್ಳೆಯ ಒಂದು ವಾದವೂ ಅವುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಅವರು ಕೈಬಿಡದಿದ್ದರೆ ಘಟನೆಯಾದ ಆರು ತಿಂಗಳೊಳಗೆ ಏಕ ನ್ಯಾಯಾಧೀಶ ವಿಧಾನದ (ಒಬ್ಬರೇ ನ್ಯಾಯಾಧೀಶರು ಕಾಗದ ನೋಡಿಯೇ ತೀರ್ಮಾನಿಸುವ ಕ್ರಮ) ಆರೋಪಪತ್ರ ಹೊರಡಬೇಕು. ಉತ್ತರಕ್ಕೆ 21 ದಿನ. ತಪ್ಪಿಲ್ಲ ಎಂದು ಗುರುತು ಹಾಕಿದರೆ ವಿಚಾರಣೆಗೆ ಹೋಗುತ್ತದೆ. ಕ್ಯಾಮೆರಾದ ದಾಖಲೆಯನ್ನು ಪ್ರಮಾಣಪತ್ರದ ಮೂಲಕ ಹಾಜರುಪಡಿಸಲು ವಿಚಾರಣೆಗೆ ಕನಿಷ್ಠ 7 ದಿನ ಮೊದಲು ಅದರ ಪ್ರತಿ ನಿಮಗೆ ತಲುಪಿರಬೇಕು. ಅದಕ್ಕೆ ಸಹಿ ಹಾಕಿದವರೇ ಬಂದು ಹೇಳಲಿ ಎನ್ನುವುದಾದರೆ ನೀವು ಕನಿಷ್ಠ 3 ದಿನ ಮೊದಲು ನೋಟಿಸ್ ಕೊಡಬೇಕು. ಸೋತರೆ ವಾರದ ಆದಾಯದ ಆಧಾರದ ದಂಡ, ಅದರ ಮೇಲೆ ಸರ್ಚಾರ್ಜ್, ಪ್ರಾಸಿಕ್ಯೂಷನ್ ಖರ್ಚು ಎಲ್ಲ ಸೇರಿ 100 ಪೌಂಡಿನ ಹಲವು ಪಟ್ಟು ಆಗುತ್ತದೆ. ಮೋಟಾರ್‌ವೇಯಲ್ಲಿ ದಂಡದ ಗರಿಷ್ಠ ಮಿತಿ 2,500 ಪೌಂಡ್. ನ್ಯಾಯಾಲಯದ ತೀರ್ಪು ಶಿಕ್ಷೆಯಾಗಿ ದಾಖಲಾಗುತ್ತದೆ, ನಿಗದಿತ ದಂಡ ಕಟ್ಟಿದ್ದು ಹಾಗಾಗುವುದಿಲ್ಲ. ವೀಸಾ, ಪೌರತ್ವದ ಅರ್ಜಿ ಮುಂದಿರುವವರು ಇದನ್ನು ವಕೀಲರ ಬಳಿ ಕೇಳಿಕೊಂಡೇ ಹೆಜ್ಜೆ ಇಡಲಿ.

ಹಳೆ ವಿಳಾಸಕ್ಕೆ ಹೋದ ಆರೋಪಪತ್ರ ನಿಮ್ಮ ಕೈ ಸೇರದೆ ತೀರ್ಪೇ ಆಗಿಬಿಟ್ಟಿದ್ದರೆ, ತಿಳಿದ 21 ದಿನದೊಳಗೆ ಶಾಸನಬದ್ಧ ಘೋಷಣೆ ಸಲ್ಲಿಸಿ ಪ್ರಕರಣವನ್ನು ಮೊದಲಿಗೆ ತರಬಹುದು. ಇನ್ನು ನೋಟಿಸ್ ರದ್ದಾಯಿತು ಎಂಬ ಪತ್ರ ಬಂದರೆ ಅದನ್ನು ಜೋಪಾನ ಮಾಡಿ. ಒಂದೆರಡು ವಾರ ಬಿಟ್ಟು ಲೈಸೆನ್ಸ್ ಕೊಡುವ ಡಿವಿಎಲ್‌ಎ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಲೈಸೆನ್ಸ್ ದಾಖಲೆ ತೆರೆದು ಮೋಟಾರ್‌ವೇಯ ವೇಗದ ತಪ್ಪಿಗೆ ಹಾಕುವ ಎಸ್‌ಪಿ50 ಎಂಬ ಸಂಕೇತ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ವಿಮಾ ಕಂಪನಿಗೆ ಮೊದಲೇ ತಿಳಿಸಿದ್ದರೆ ಆ ಪತ್ರದ ಪ್ರತಿ ಕಳಿಸಿ ಹೆಚ್ಚಿಸಿದ ಪ್ರೀಮಿಯಂ ವಾಪಸ್ ಕೇಳಿ.