ಟಿವಿ ಆನ್ ಆಗಲು ತಡವಾಗುತ್ತಿದ್ದರೆ ಪವರ್ ಬೋರ್ಡ್ ನೋಡಿ

ನಮ್ಮದು ಹಳೆಯ 32 ಇಂಚಿನ ಎಲ್‌ಸಿಡಿ ಟಿವಿ. ರಿಮೋಟ್ ಒತ್ತಿದರೆ ದೀಪ ಮಿಣುಕುತ್ತಿತ್ತು, ಒಳಗೆ ರಿಲೇ (ವಿದ್ಯುತ್ತಿನಿಂದ ಆನ್-ಆಫ್ ಆಗುವ ಸ್ವಿಚ್) ಟಿಕ್ ಟಿಕ್ ಅನ್ನುತ್ತಿತ್ತು, ಚಿತ್ರ ಬರಲು ಐದಾರು ನಿಮಿಷ. ಚಳಿ ಇದ್ದ ಬೆಳಗ್ಗೆ ಇನ್ನೂ ಜಾಸ್ತಿ. ಒಮ್ಮೆ ಆನ್ ಆದರೆ ದಿನವಿಡೀ ತೊಂದರೆಯಿಲ್ಲ.

ರಿಮೋಟ್ ಸೆಲ್, ಬೇರೆ ಪ್ಲಗ್, ಸ್ಟೆಬಿಲೈಜರ್, ಫ್ಯಾಕ್ಟರಿ ರೀಸೆಟ್: ಯಾವುದರಿಂದಲೂ ಸರಿಹೋಗಲಿಲ್ಲ. ರಿಪೇರಿಯವರು ಟಿವಿಗೆ ಕರೆಂಟ್ ಕೊಡುವ ಪವರ್ ಬೋರ್ಡೇ ಬದಲಿಸಬೇಕು ಅಂದರು. ಸುಮ್ನೆ ಅಷ್ಟು ಖರ್ಚು ಬೇಡ.

ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿ. 400 ಅಥವಾ 450 ವೋಲ್ಟ್ ಎಂದು ಬರೆದಿರುವ ದೊಡ್ಡ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ, ಡಬ್ಬಿಯಂಥ ಭಾಗ) ಆಮೇಲೂ ಚಾರ್ಜ್ ಹಿಡಿದಿರುತ್ತದೆ, ಜೀವಕ್ಕೇ ಅಪಾಯ. ಮಲ್ಟಿಮೀಟರ್‌ನಲ್ಲಿ ಅದರ ಡಿಸಿ ವೋಲ್ಟ್ ಅಳೆದು, ಸೊನ್ನೆಗೆ ಇಳಿದ ಮೇಲೆಯೇ ಕೈ ಹಾಕಿ.

ದೋಷ ಇದ್ದದ್ದು ಔಟ್‌ಪುಟ್ ಕಡೆಯ, ಅಂದರೆ ಟಿವಿಯ ಉಳಿದ ಭಾಗಗಳಿಗೆ ಕರೆಂಟ್ ಹೋಗುವ ಕಡೆಯ ಚಿಕ್ಕ ಕೆಪಾಸಿಟರ್‌ಗಳಲ್ಲಿ, 1000 ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ), 10 ವೋಲ್ಟ್‌ನವು. ತಲೆ ಚಪ್ಪಟೆ ಇರಬೇಕಿತ್ತು. ಉಬ್ಬಿತ್ತು, ಒಂದರ ಮೇಲೆ ಕಂದು ಕಲೆ ಒಣಗಿತ್ತು. ಇಂಥವು ಸ್ವಲ್ಪ ಬಿಸಿಯಾದ ಮೇಲಷ್ಟೇ ಕೆಲಸ ಮಾಡುತ್ತವೆ, ಅದಕ್ಕೇ ತಡ.

ಹೊಸದು ಅದೇ 1000 ಮೈಕ್ರೋಫ್ಯಾರಡ್ ಇರಲಿ, ವೋಲ್ಟ್ 16 ಆದರೂ ನಡೆಯುತ್ತದೆ, ಕಡಿಮೆ ಆಗಬಾರದು. 105 ಡಿಗ್ರಿ ಬಿಸಿ ತಡೆಯುವ, ಲೋ ಇಎಸ್‌ಆರ್ (ಒಳಗಿನ ವಿದ್ಯುತ್ ತಡೆ ಕಡಿಮೆ ಇರುವಂಥದ್ದು) ಅಂತಲೇ ಕೇಳಿ. ಒಂದನ್ನು ಕಿತ್ತು, ಅಲ್ಲೇ ಹೊಸದು ಬೆಸುಗೆ ಹಾಕಿ, ಆಮೇಲೆ ಮುಂದಿನದು. ಮೈನಸ್ ಪಟ್ಟಿ ಹಳೆಯದರ ದಿಕ್ಕಿಗೇ ಬರಬೇಕು. ಉಬ್ಬದೇ ಇದ್ದರೂ ಪಕ್ಕದವನ್ನು ಆಗಲೇ ಬದಲಿಸಿಬಿಡಿ, ಅವೂ ಅಷ್ಟೇ ವಯಸ್ಸಿನವು ಅಲ್ವಾ.